ದೇಶದ ಶಿಕ್ಷಣ ವ್ಯವಸ್ಥೆಯೇ ಸರಿ ಇಲ್ಲ. 5ನೇ ಕ್ಲಾಸಿನ ಮಗನನ್ನು ಮಂಡ್ಯದ ಸರ್ಕಾರಿ ಶಾಲೆ ಬಿಡಿಸಿ ಮೈಸೂರಿನ ಸಿಬಿಎಸ್‌ಇ ಶಾಲೆಗೆ ಹಾಕಲಾ?

ಟಿಸಿ ಈಗಲೇ ತೆಗೆಸಬೇಡಿ.

ನಿಮ್ಮ ಪ್ರಶ್ನೆಯನ್ನು ನಾನೇ ಬರೆದಿದ್ದೆನಾ ಅನ್ನಿಸಿತು. ನಮ್ಮದು ಪಾಂಡವಪುರ ತಾಲ್ಲೂಕು. ನನ್ನ ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಳು. ಎರಡು ಕ್ಲಾಸಿಗೆ ಒಬ್ಬರೇ ಮೇಷ್ಟ್ರು. ಮನೆಗೆ ಬಂದ ನೆಂಟರೆಲ್ಲ "ಇಲ್ಲೇ ಬಿಟ್ರೆ ಹುಡುಗಿ ಹಾಳಾಗೋಯ್ತಳೆ" ಅನ್ನುವವರೇ. ಕಬ್ಬಿನ ದುಡ್ಡು ಕೈಗೆ ಬಂತು, ಮೈಸೂರಿನ ಒಂದು ಸಿಬಿಎಸ್‌ಇ ಶಾಲೆಗೆ ಹೋದೆವು. ಸ್ಮಾರ್ಟ್ ಬೋರ್ಡ್ ತೋರಿಸಿದರು, ಸ್ಕೇಟಿಂಗ್ ಜಾಗ ತೋರಿಸಿದರು. ಅಷ್ಟೆಲ್ಲ ನೋಡಿ ನಾನು ಕೇಳಿದ್ದು ಒಂದೇ ಪ್ರಶ್ನೆ, ವ್ಯಾನು ನಮ್ಮೂರ ಗೇಟಿಗೆ ಬರುತ್ತಾ ಅಂತ!

ಅಲ್ಲಿಗೇ ಸೇರಿಸಿದೆವು. ಮೊದಮೊದಲು ಅತ್ತಳು. ಆಮೇಲೆ ಮಾರ್ಕ್ಸ್ ಬರೋಕೆ ಶುರುವಾಯಿತು. ತೊಂಬತ್ತರ ಮೇಲೆ. ನಾನು ಪ್ರೋಗ್ರೆಸ್ ಕಾರ್ಡ್ ಫೋಟೋ ತೆಗೆದು ಸ್ಟೇಟಸ್ ಹಾಕಿದೆ.

ನಾನು ಕೆಟ್ಟಿದ್ದೇ ಆ ಮಾರ್ಕ್ಸ್ ನಂಬಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾಗಬೇಡಿ, ಯಾಕೆಂದರೆ ಎರಡು ವರ್ಷ ಕಣ್ಣೆದುರೇ ನಡೆದರೂ ನನಗೆ ಗೊತ್ತಾಗಲಿಲ್ಲ. ಕ್ಲಾಸಿನಲ್ಲಿ ಪ್ರಶ್ನೆ, ಉತ್ತರ ಎರಡನ್ನೂ ಬೋರ್ಡಿನ ಮೇಲೆ ಬರೆಯುತ್ತಾರೆ. ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಟೆಸ್ಟ್‌ಗೆ ಮುಂಚೆ ಇಂಪಾರ್ಟೆಂಟ್ ಪ್ರಶ್ನೆ ಗುರುತು ಹಾಕಿಸುತ್ತಾರೆ. ಟೆಸ್ಟ್‌ನಲ್ಲಿ ಅವೇ ಬರುತ್ತವೆ. ಲೆಕ್ಕಗಳೂ ಅಷ್ಟೇ, ಅಂಕಿ ಸಮೇತ ಅವೇ. ಇಂಗ್ಲಿಷ್ ಅರ್ಥವಾಗದ ಹುಡುಗಿ ಏನು ಮಾಡಬೇಕು? ಮೊದಲ ಸಾಲಿನಿಂದ ಕೊನೆ ಸಾಲಿನವರೆಗೆ ಉರು ಹೊಡೆದಳು. ಸಂಜೆ ಟ್ಯೂಷನ್‌ನಲ್ಲಿ ಅದೇ ನೋಟ್ಸ್ ಒಪ್ಪಿಸಿದಳು. ರಾತ್ರಿ ನಾನು ಅದೇ ನೋಟ್ಸ್ ಹಿಡಿದು ಕೇಳುತ್ತಿದ್ದೆ. ಪಟಪಟ ಹೇಳುತ್ತಿದ್ದಳು. ಶಾಲೆ, ಟ್ಯೂಷನ್, ನಾನು, ಮೂವರೂ ಪರೀಕ್ಷೆ ಮಾಡಿದ್ದು ಆ ನೋಟ್‌ಬುಕ್ಕನ್ನೇ. ಅದರಲ್ಲಿ ಇಲ್ಲದ್ದನ್ನು ಒಂದು ದಿನವೂ ಯಾರೂ ಅವಳನ್ನು ಕೇಳಲಿಲ್ಲ.

7ನೇ ಕ್ಲಾಸಿನಲ್ಲಿ ಒಂದು ಭಾನುವಾರ ಜಗುಲಿ ಮೇಲೆ ಕೂತು ಲೆಕ್ಕದ ನೋಟ್ಸ್ ತಿರುವುತ್ತಿದ್ದಳು. 1/2 + 1/3. ಲಸಾಅ ತೆಗೆದು 5/6 ಅಂತ ನೀಟಾಗಿ ಬರೆದಿದ್ದಳು, ಕೆಳಗೆ ಮಿಸ್ಸಿನ ಕೆಂಪು ಶಾಯಿಯ 'ಗುಡ್'. ನಾನು ಸುಮ್ನೆ 1/3ರ ಮೂರು ಅಳಿಸಿ ನಾಲ್ಕು ಮಾಡಿ, ಬಿಡಿಸು ಅಂದೆ. ಪೆನ್ಸಿಲ್ ನಿಂತಿತು. ಕೊನೆಗೆ 2/6 ಅಂತ ಬರೆದು, "ಇದು ನೋಟ್ಸಲ್ಲಿ ಇಲ್ಲಮ್ಮ" ಅಂದಳು.

ಪಕ್ಕದಲ್ಲಿ ಎಲೆ ಅಡಿಕೆ ಹಾಕುತ್ತಿದ್ದ ನಮ್ಮ ಮಾವ ಕೇಳಿದರು, "ಅರ್ಧ ಎಕ್ರೆಗೆ ಕಾಲೆಕ್ರೆ ಸೇರುದ್ರೆ ಎಷ್ಟವ್ವ?"

ತಲೆ ಎತ್ತಲೂ ಇಲ್ಲ. "ಮುಕ್ಕಾಲು. ಮೂವತ್ತು ಗುಂಟೆ."

ಎಕರೆಗೆ 40 ಗುಂಟೆ ಅನ್ನುವುದು ತಾತನ ಜೊತೆ ಗದ್ದೆ ಸುತ್ತಿ ಗೊತ್ತಿತ್ತು. ಕಾಗದದ ಮೇಲಿರುವುದೂ ಅದೇ ಲೆಕ್ಕ ಅಂತ ಅಷ್ಟು ಫೀಸು ತಗೊಂಡವರು ಯಾರೂ ಹೇಳಿರಲಿಲ್ಲ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಸಿಬಿಎಸ್‌ಇ ಆದರೆ ಬಾಯಿಪಾಠ ಇರಲ್ಲ ಅಂತ ಬರೆದಿದ್ದೀರಿ. ಯಾರು ಹೇಳಿದರು? ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯ ಗಣಿತ, ವಿಜ್ಞಾನ ಪುಸ್ತಕಗಳೂ ಸಿಬಿಎಸ್‌ಇಯವರು ಓದಿಸುವ ಎನ್‌ಸಿಇಆರ್‌ಟಿಯವೇ. ಪುಸ್ತಕದಲ್ಲಿ ಕಾಯಿಲೆ ಇಲ್ಲ. ವ್ಯವಸ್ಥೆ ಸರಿ ಇಲ್ಲ ಅಂದಿರಲ್ಲ, ಅದನ್ನು ಪೂರ್ತಿ ಒಪ್ಪುತ್ತೇನೆ. ದೇಶದ ಹಳ್ಳಿಗಳಲ್ಲಿ 5ನೇ ಕ್ಲಾಸಿನ ಹೆಚ್ಚುಕಮ್ಮಿ ಅರ್ಧ ಮಕ್ಕಳಿಗೆ 2ನೇ ಕ್ಲಾಸಿನ ಪಾಠ ಓದಲು ಬರಲ್ಲ ಅಂತ ಹಳ್ಳಿ ಮಕ್ಕಳ ಓದು, ಲೆಕ್ಕ ಅಳೆಯುವ 'ಅಸರ್' ಸಮೀಕ್ಷೆಯ ವರದಿ ಹೇಳುತ್ತಲೇ ಬಂದಿದೆ. ಬೇರೆ ಬೇರೆ ದೇಶಗಳ 15 ವರ್ಷದ ಮಕ್ಕಳ ಕಲಿಕೆ ಅಳೆಯುವ 'ಪಿಸಾ' ಪರೀಕ್ಷೆಗೆ 2009ರ ಸುತ್ತಿನಲ್ಲಿ ನಮ್ಮಿಂದ ತಮಿಳುನಾಡು, ಹಿಮಾಚಲ ಪ್ರದೇಶ ಹೋಗಿ, 74 ದೇಶ-ಪ್ರದೇಶಗಳಲ್ಲಿ ಕೊನೆಯ ಮೂರರೊಳಗೆ ಬಂದವು. ಮುಂದಿನ ಸಲದಿಂದ ದೇಶ ಆ ಕಡೆ ತಲೆಯೇ ಹಾಕಲಿಲ್ಲ, ಫೇಲಾದ ಹುಡುಗ ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದ ಹಾಗೆ. ನಮ್ಮ ಎಸ್ಸೆಸ್ಸೆಲ್ಸಿಯನ್ನೇ ನೋಡಿ. 2024ರಲ್ಲಿ ನಕಲು ತಡೆಯೋಕೆ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ತಂದರು, ಅಂದರೆ ಪರೀಕ್ಷಾ ಕೊಠಡಿಯನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವುದು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಬಂತು, ಅದೂ ಕೃಪಾಂಕ ಜಾಸ್ತಿ ಕೊಟ್ಟ ಮೇಲೆ. ಮಾರ್ಕ್ಸ್ ನಂಬಬೇಡಿ ಅಂತ ಇನ್ನು ಹೇಗೆ ಹೇಳಲಿ?

ಹಾಗಂತ ಸರ್ಕಾರಿ ಶಾಲೆಗೆ ಕಲಿಸೋಕೇ ಬರಲ್ಲ ಅನ್ನಬೇಡಿ. ಮಗು ತನ್ನ ವೇಗದಲ್ಲಿ ಕಾರ್ಡ್ ಹಿಡಿದು ಮಾಡಿ ಕಲಿಯುವ 'ನಲಿ ಕಲಿ' 1995ರಲ್ಲಿ ಶುರುವಾಗಿದ್ದು ನಮ್ಮ ಪಕ್ಕದ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲೇ. ನನ್ನ ಮಗಳು ಕೂಡುವುದು ಕಳೆಯುವುದು ಕಲಿತದ್ದು ಹಾಗೆ. ದುಃಖ ಏನೆಂದರೆ ಅದು 3ನೇ ಕ್ಲಾಸಿಗೆ ಮುಗಿಯಿತು. ಆಮೇಲೆ ಅಲ್ಲೂ ನೋಟ್ಸೇ.

8ನೇ ಕ್ಲಾಸಿಗೆ ವಾಪಸ್ ಸರ್ಕಾರಿ ಹೈಸ್ಕೂಲಿಗೆ ಕರೆತಂದೆವು. ಅಲ್ಲೇನೂ ಸ್ವರ್ಗ ಕಾದಿರಲಿಲ್ಲ. ಗಣಿತದ ಹುದ್ದೆ ಖಾಲಿ, ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಮಳೆಗಾಲ ಅರ್ಧ ಕಳೆದಿತ್ತು. ಆದರೆ ಬಂದವರು ಕನ್ನಡದಲ್ಲಿ ಬಿಡಿಸಿ ಹೇಳಿದರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 71 ಬಂತು. ಅದೇ ನೆಂಟರು "ಇಷ್ಟೇನಾ?" ಅಂದರು. ಆ 71 ಅವಳದ್ದೇ ಅಂತ ನನಗೆ ಗೊತ್ತಿತ್ತು, ಅವರಿಗೆ ಕಾಫಿ ಕೊಟ್ಟು ಕಳಿಸಿದೆ.

ನೀವು ಇವತ್ತೇ ಮಗನ ನೋಟ್‌ಬುಕ್ಕಿನ ಒಂದು ಲೆಕ್ಕದ ಅಂಕಿ ಬದಲಿಸಿ ಕೊಡಿ. ಪೇಪರಿನ ಒಂದು ಸುದ್ದಿ ಓದಿಸಿ, ಏನು ಅರ್ಥವಾಯಿತು ಅಂತ ಕೇಳಿ. ಬರದಿದ್ದರೆ ಮೊದಲು ಅದನ್ನು ಕಲಿಸಿ, ಆಮೇಲೆ ಸಿಬಿಎಸ್‌ಇ ಮಾತು. ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿ ಎಸ್‌ಡಿಎಂಸಿಯ ಸಭೆಗೆ ಹೋಗಿ ಖಾಲಿ ಹುದ್ದೆ ಬಗ್ಗೆ ಜಗಳ ಮಾಡಿ, ಅಲ್ಲಿ ಅಪ್ಪ ಅಮ್ಮಂದಿರಿಗೆ ಬಾಯಿ ಇದೆ. ಖಾಸಗಿಯಲ್ಲಿ ನಮ್ಮನ್ನು ಗೇಟಿನಿಂದ ಒಳಗೇ ಬಿಡುತ್ತಿರಲಿಲ್ಲ. ಅಷ್ಟಾದರೂ ಸರಿಹೋಗದೆ ಮೈಸೂರಿಗೆ ಹಾಕಲೇಬೇಕು ಅಂದರೆ, ಅಲ್ಲಿ ಓದುವ ನಾಲ್ಕು ಮಕ್ಕಳ ನೋಟ್‌ಬುಕ್ ಹೇಗಾದರೂ ನೋಡಿ. ಎಲ್ಲದರಲ್ಲೂ ಉತ್ತರ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ ವಾಪಸ್ ಬಸ್ ಹತ್ತಿ.

ಡೊನೇಷನ್ ಕಂತಿನಲ್ಲಿ ಕಟ್ಟಬಹುದಾ ಅಂತಲೂ ಕೇಳಿದ್ದೀರಿ. ಡೊನೇಷನ್ ತಗೊಳ್ಳುವುದೇ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ತಪ್ಪು. ರಸೀದಿ ಕೇಳಿ ನೋಡಿ. ನಾವು ಕೇಳಿದಾಗ 'ಕಟ್ಟಡ ನಿಧಿ' ಅಂತ ಬಿಳಿ ಚೀಟಿಯಲ್ಲಿ ಬರೆದುಕೊಟ್ಟರು, ಸೀಲೂ ಇರಲಿಲ್ಲ.