ಎಸ್‌ಕ್ಯೂಎಸ್ (ಮಾಡಬೇಕಾದ ಕೆಲಸಗಳನ್ನು ಮೆಸೇಜ್‌ಗಳಾಗಿ ಸಾಲಿನಲ್ಲಿಡುವ ಅಮೆಜಾನ್ ಸೇವೆ) ಬಳಸಿದ ಮೇಲೆ ಒಂದೇ ಇನ್‌ವಾಯ್ಸ್ ಎರಡು ಸಲ ಹೋಗುತ್ತಿದೆ, ಸೇಲ್ ದಿನ ಕ್ಯೂ ಕರಗುವುದೇ ಇಲ್ಲ. ಕ್ಯೂನಿಂದ ಕೆಲಸ ಎತ್ತಿಕೊಳ್ಳುವ ವರ್ಕರ್ ಪ್ರೋಗ್ರಾಮ್‌ಗಳು 20 ಇವೆ. ಸ್ಟಾಕ್ ಪರಿಶೀಲನೆಯನ್ನೂ ಕ್ಯೂಗೆ ಹಾಕುವ ಯೋಚನೆಯಿದೆ. ಏನು ಮಾಡಲಿ?

ಇವು ಎರಡು ಬೇರೆ ಬೇರೆ ತೊಂದರೆ. ಎರಡು ಸಲ ಹೋಗುವುದಕ್ಕೆ ಕಾರಣ ನೀವು ಬರೆದ ವಿವರದಲ್ಲೇ ಇದೆ: ವರ್ಕರ್ ಒಮ್ಮೆಗೆ 10 ಮೆಸೇಜ್ ಎತ್ತಿಕೊಂಡು ಒಂದಾದ ಮೇಲೊಂದು ಪಿಡಿಎಫ್ ಮಾಡಿ ಮೇಲ್ ಕಳಿಸುತ್ತದೆ, ಒಂದೊಂದಕ್ಕೂ 4 ಸೆಕೆಂಡ್. ಎಸ್‌ಕ್ಯೂಎಸ್‌ನ ವಿಸಿಬಿಲಿಟಿ ಟೈಮ್‌ಔಟ್ (ಎತ್ತಿಕೊಂಡ ಮೆಸೇಜ್ ಬೇರೆ ವರ್ಕರ್‌ಗೆ ಕಾಣದಿರುವ ಅವಧಿ) ನಾವು ಬದಲಿಸದಿದ್ದರೆ 30 ಸೆಕೆಂಡ್, ಹತ್ತೂ ಮೆಸೇಜಿಗೆ ಅದು ಎತ್ತಿಕೊಂಡ ಕ್ಷಣದಿಂದಲೇ ಓಡುತ್ತದೆ. ಎಂಟನೆಯದು ಮುಗಿಯುವುದು 32ನೇ ಸೆಕೆಂಡಿಗೆ. ಅಷ್ಟರಲ್ಲಿ ಕೊನೆಯ ಮೂರೂ ಮತ್ತೆ ಕ್ಯೂನಲ್ಲಿ ಕಾಣಿಸಿಕೊಂಡು ಇನ್ನೊಂದು ವರ್ಕರ್ ಕೈಗೆ ಸಿಗುತ್ತವೆ.

ಟೈಮ್‌ಔಟ್ 180 ಸೆಕೆಂಡ್ ಮಾಡಿ, ಪ್ರತಿ ಮೆಸೇಜನ್ನೂ ಕೆಲಸ ಮುಗಿದ ಕೂಡಲೇ ಅಳಿಸಿ. ಇಷ್ಟಕ್ಕೇ ನಿಲ್ಲಬೇಡಿ. ಸ್ಟ್ಯಾಂಡರ್ಡ್ ಕ್ಯೂ (ಎಸ್‌ಕ್ಯೂಎಸ್‌ನ ಸಾಮಾನ್ಯ ಬಗೆ) ಅಪರೂಪಕ್ಕೆ ತಾನಾಗಿಯೇ ಒಂದನ್ನು ಎರಡು ಸಲ ಕೊಡುತ್ತದೆ. ಆರ್ಡರ್ ಐಡಿಗೆ ಯುನೀಕ್ ಇಂಡೆಕ್ಸ್ (ಒಂದೇ ಐಡಿ ಎರಡು ಸಲ ಸೇರಲು ಬಿಡದ ನಿಯಮ) ಇರುವ ಟೇಬಲ್‌ನಲ್ಲಿ 'ನಡೆಯುತ್ತಿದೆ', 'ಕಳಿಸಿದೆ' ಎಂಬ ಸ್ಥಿತಿ ಬರೆದಿಡಿ. ಬರೀ 'ಕಳಿಸಿದೆ' ಎಂದು ಮೊದಲೇ ಬರೆದರೆ, ನಡುವೆ ವರ್ಕರ್ ಸತ್ತಾಗ ಮೇಲ್ ಹೋಗುವುದೇ ಇಲ್ಲ. ಫೈಫೋ ಕ್ಯೂಗೆ (ಹಾಕಿದ ಕ್ರಮದಲ್ಲೇ ಕೊಡುವ ಬಗೆ) ಬದಲಾಯಿಸಿದರೂ ಈ ಟೇಬಲ್ ಬೇಕೇ ಬೇಕು: ಅದರ 5 ನಿಮಿಷದ ಡೀಡುಪ್ಲಿಕೇಶನ್ (ನಕಲು ತಡೆ) ತಡೆಯುವುದು ಎರಡು ಸಲ ಹಾಕುವುದನ್ನು, ಟೈಮ್‌ಔಟ್ ಮೀರಿ ಎರಡು ಸಲ ಎತ್ತುವುದನ್ನಲ್ಲ.

ಇನ್ನು ಕರಗದ ಕ್ಯೂ. 20 ವರ್ಕರ್, ತಲಾ 4 ಸೆಕೆಂಡ್ ಎಂದರೆ ಸೆಕೆಂಡಿಗೆ 5 ಇನ್‌ವಾಯ್ಸ್. ಸೆಕೆಂಡಿಗೆ 8ರಂತೆ ಆರ್ಡರ್ 10 ನಿಮಿಷ ಬಂದರೆ 1,800 ಬಾಕಿ ಬೀಳುತ್ತವೆ, ಕೊನೆಯವನು 6 ನಿಮಿಷ ಕಾಯುತ್ತಾನೆ. ಆಮೇಲೆ 3ಕ್ಕೆ ಇಳಿದರೆ 15 ನಿಮಿಷದಲ್ಲಿ ಖಾಲಿ. ಕ್ಯೂ ಇರುವುದೇ ಇಂಥ ಉಬ್ಬರಕ್ಕೆ. ಆದರೆ ದಿನವಿಡೀ 6ರಂತೆ ಬಂದರೆ ಗಂಟೆಗೆ 3,600 ಬಾಕಿ ಏರುತ್ತಲೇ ಇರುತ್ತದೆ. ಅದಕ್ಕೆ ವರ್ಕರ್ ಹೆಚ್ಚಿಸಬೇಕು, ಇಲ್ಲವೇ ಪಿಡಿಎಫ್ ಬೇಗ ಆಗಬೇಕು. ಅಲಾರಂ ಇಡುವುದು ಕ್ಯೂ ಉದ್ದಕ್ಕಲ್ಲ, ಅತಿ ಹಳೆಯ ಮೆಸೇಜಿನ ವಯಸ್ಸಿಗೆ. ಗ್ರಾಹಕ ಅನುಭವಿಸುವುದು ಅದನ್ನೇ.

ಸ್ಟಾಕ್ ಪರಿಶೀಲನೆಯನ್ನೂ ಕ್ಯೂಗೆ ಹಾಕುವ ಯೋಚನೆ ಬಿಡಿ. ಪರದೆಯ ಮುಂದೆ ಕೂತವನಿಗೆ ಉತ್ತರ ಈಗಲೇ ಬೇಕು.

5 ಸಲ ಸೋತ ಮೆಸೇಜ್ ಡೆಡ್ ಲೆಟರ್ ಕ್ಯೂಗೆ (ಸೋತ ಮೆಸೇಜ್‌ಗಳನ್ನು ಬೇರೆಯಾಗಿ ಇಡುವ ಕ್ಯೂ) ಹೋಗಲಿ. ಅಲ್ಲಿ ಮೆಸೇಜ್ ಉಳಿಯುವ ಅವಧಿಯನ್ನು 14 ದಿನಕ್ಕೆ ಏರಿಸಿ: ಸ್ಟ್ಯಾಂಡರ್ಡ್ ಕ್ಯೂನಲ್ಲಿ ಮೆಸೇಜಿನ ಆಯುಸ್ಸು ಮೊದಲು ಹಾಕಿದ ಹೊತ್ತಿನಿಂದಲೇ ಎಣಿಕೆಯಾಗುತ್ತದೆ. ಎರಡೂ ಕಡೆ 4 ದಿನವೇ ಇದ್ದರೆ, 3 ದಿನ ಒದ್ದಾಡಿ ಅಲ್ಲಿಗೆ ಬಂದದ್ದನ್ನು ನೋಡಲು ನಿಮಗೆ ಉಳಿಯುವುದು ಒಂದೇ ದಿನ.