ಪ್ರಶ್ನೋತ್ತರ: ಫಲಿತಾಂಶ ಮೊದಲೇ ನಿಗದಿಯಾದ ಆಟಕ್ಕೆ ವಿಮರ್ಶೆ ಏಕೆ?

ಪ್ರಶ್ನೆ: ನಾನು ಪದವಿ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿ. ಡಬ್ಲ್ಯೂಡಬ್ಲ್ಯೂಇ ಎಂಬ ಅಮೆರಿಕದ ರೆಸ್ಲಿಂಗ್ ಸಂಸ್ಥೆಯ ‘ರಾ’ ಎಂಬ ಟಿವಿ ಕಾರ್ಯಕ್ರಮವನ್ನು ಪ್ರತಿ ವಾರ ನೋಡಿ, ನಮ್ಮ ಭಿತ್ತಿಪತ್ರಿಕೆಗೆ ಅದರ ವಿಮರ್ಶೆ ಬರೆಯುತ್ತೇನೆ. ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಟ್ಟ ಆಟಕ್ಕೆ ವಿಮರ್ಶೆ ಏಕೆ ಎಂದು ಗೆಳೆಯರು ಕೇಳುತ್ತಾರೆ. ನನ್ನ ಬರಹ ಓದಿದ ಉಪನ್ಯಾಸಕರೊಬ್ಬರು, ‘ಇದು ವಿಮರ್ಶೆಯಲ್ಲ, ಫಲಿತಾಂಶದ ಪಟ್ಟಿ’ ಎಂದರು. ಗೆಳೆಯರಿಗೆ ಏನು ಹೇಳಲಿ? ಇನ್ನು ಮುಂದೆ ಹೇಗೆ ಬರೆಯಲಿ?
— ಓದುಗರು, ಗಂಗಾವತಿ

ಉತ್ತರ: ಗೆಳೆಯರ ಪ್ರಶ್ನೆಗೆ ಆ ಸಂಸ್ಥೆಯೇ ಬಹಳ ಹಿಂದೆ ಉತ್ತರ ಕೊಟ್ಟಿದೆ. ಆಗ ಡಬ್ಲ್ಯೂಡಬ್ಲ್ಯೂಎಫ್ ಎನಿಸಿಕೊಂಡಿದ್ದ ಅದು, ಕ್ರೀಡಾ ಆಯೋಗದ ನಿಯಂತ್ರಣದಿಂದ ಹೊರಗುಳಿಯುವ ಸಲುವಾಗಿ, ತಾನು ನಡೆಸುವುದು ಸ್ಪರ್ಧೆಯಲ್ಲ, ಜನರ ರಂಜನೆಗಾಗಿ ಇರುವ ಪ್ರದರ್ಶನ ಎಂದು 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ಒಪ್ಪಿಕೊಂಡಿತು. ನಿಜವೋ ಸುಳ್ಳೋ ಎಂಬ ಚರ್ಚೆ ಅಂದೇ ಮುಗಿದಿದೆ. ಉಳಿದಿರುವುದು ಚೆನ್ನಾಗಿ ಆಡಿದರೋ ಇಲ್ಲವೋ ಎಂಬ ಚರ್ಚೆ ಮಾತ್ರ, ಮತ್ತು ಅದು ವಿಮರ್ಶಕನ ಕೆಲಸ.

ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇರಬಾರದು. ಸುಗ್ಗಿ ಮುಗಿದ ಮೇಲೆ ಊರ ಮುಂದೆ ಅಟ್ಟ ಕಟ್ಟಿ ಬಯಲಾಟ ಆಡಿದಾಗ, ದುರ್ಯೋಧನನ ತೊಡೆ ಮುರಿಯುತ್ತದೆಂಬುದು ಚಾಪೆ ಹಾಸಿಕೊಂಡು ಕೂತ ಸಣ್ಣ ಮಕ್ಕಳಿಗೂ ಗೊತ್ತಿರುತ್ತದೆ. ಆದರೂ ಬೆಳಗಾಗುವವರೆಗೆ ಯಾರೂ ಎದ್ದು ಹೋಗುವುದಿಲ್ಲ. ಮರುದಿನ ಹೊಲದಲ್ಲಿ ಕೆಲಸ ಮಾಡುತ್ತ ಆಡುವ ಮಾತು, ಈ ಸಲದ ದುರ್ಯೋಧನ ಹೇಗೆ ನಿಂತ, ಹೇಗೆ ಬಿದ್ದ, ಬೀಳುವಾಗ ಕಿರೀಟ ಸಡಿಲಾದರೂ ಮಾತು ತಪ್ಪಲಿಲ್ಲವಲ್ಲ ಎಂಬುದರ ಸುತ್ತಲೇ ಇರುತ್ತದೆ. ಪಾತ್ರಧಾರಿ ಅಟ್ಟಕ್ಕೆ ಬಂದೊಡನೆ ಸಾರಥಿ ಅವನನ್ನು ಯಾರೆಂದು ಕೇಳುವುದು, ಅವನು ತನ್ನ ಕುಲ, ಬಲ, ಹಗೆಗಳನ್ನೆಲ್ಲ ಏರುದನಿಯಲ್ಲಿ ಹೇಳಿಕೊಳ್ಳುವುದು ನಮಗೆ ಎಷ್ಟು ಪರಿಚಿತವೋ, ರಿಂಗ್ ನಡುವೆ ಮೈಕ್ ಹಿಡಿದು ಎದುರಾಳಿಗೆ ಸವಾಲು ಹಾಕುವ ‘ಪ್ರೋಮೋ’ ಅದಕ್ಕೆ ಅಷ್ಟೇ ಹತ್ತಿರದ ನೆಂಟ. ನಿಮ್ಮ ಗೆಳೆಯರು ದೊಡ್ಡಾಟವನ್ನು ನೋಡಿ, ಅದರ ಫಲಿತಾಂಶ ಮೊದಲೇ ಗೊತ್ತಿತ್ತೆಂದು ಹಳಿಯುವರೇ ಎಂದು ಕೇಳಿ ನೋಡಿ.

ಫಲಿತಾಂಶ ಗೊತ್ತಾದರೆ ರುಚಿ ಕೆಡುತ್ತದೆಂಬ ನಂಬಿಕೆ ತಪ್ಪೆಂದು ವಾರದ ಕಾರ್ಯಕ್ರಮಗಳ ಇತಿಹಾಸದ ಒಂದು ರಾತ್ರಿಯೇ ತೋರಿಸಿಕೊಟ್ಟಿದೆ. 1999ರ ಜನವರಿ 4ರ ಸೋಮವಾರ ‘ರಾ’ ಮತ್ತು ಅದರ ಎದುರಾಳಿ ಸಂಸ್ಥೆಯಾದ ಡಬ್ಲ್ಯೂಸಿಡಬ್ಲ್ಯೂ ನಡೆಸುತ್ತಿದ್ದ ‘ನೈಟ್ರೋ’ ಒಂದೇ ಹೊತ್ತಿಗೆ ಎರಡು ಚಾನೆಲ್‌ಗಳಲ್ಲಿ ಪ್ರಸಾರವಾಗುತ್ತಿದ್ದವು. ಆ ದಿನದ ‘ರಾ’ ಮುಂಚೆಯೇ ಚಿತ್ರೀಕರಣವಾಗಿತ್ತು. ಅಲ್ಲಿ ಮ್ಯಾನ್‌ಕೈಂಡ್ ಎಂಬ ಹೆಸರಿನಲ್ಲಿ ಆಡುತ್ತಿದ್ದ ಮಿಕ್ ಫೋಲಿ ಪ್ರಶಸ್ತಿ ಗೆಲ್ಲುತ್ತಾನೆಂಬುದನ್ನು ‘ನೈಟ್ರೋ’ದ ವೀಕ್ಷಕ ವಿವರಣೆಗಾರ ಟೋನಿ ಶಿಯಾವೋನಿ, ಮೇಲಿನವರ ಸೂಚನೆಯಂತೆ, ನೇರಪ್ರಸಾರದಲ್ಲಿಯೇ ಹೇಳಿಬಿಟ್ಟರು. ಗುಟ್ಟು ರಟ್ಟಾದರೆ ಜನ ಆ ಕಡೆ ಹೋಗಲಾರರೆಂಬುದು ಲೆಕ್ಕಾಚಾರವಾಗಿತ್ತು. ಆದದ್ದು ಅದರ ವಿರುದ್ಧ: ಲಕ್ಷಗಟ್ಟಲೆ ಜನ ಚಾನೆಲ್ ಬದಲಿಸಿ, ಗೆಲುವು ಯಾರದೆಂದು ತಿಳಿದ ಮೇಲೆಯೇ ಆ ಗೆಲುವನ್ನು ನೋಡಲು ಹೋದರು. ವರ್ಷಗಟ್ಟಲೆ ಏಟು ತಿಂದು ಬಂದ ಒಬ್ಬ ಒರಟು ಮನುಷ್ಯ ಕೊನೆಗೂ ಪ್ರಶಸ್ತಿಯ ಬೆಲ್ಟ್ ಎತ್ತಿ ಹಿಡಿಯುವುದನ್ನು ಕಣ್ಣಾರೆ ಕಾಣುವ ಆಸೆ ಅವರಿಗಿತ್ತು. ಅದೇ ರಾತ್ರಿ ‘ನೈಟ್ರೋ’ದ ಮುಖ್ಯ ಪಂದ್ಯದಲ್ಲಿ ಹಲ್ಕ್ ಹೋಗನ್ ಬೆರಳ ತುದಿಯಿಂದ ಎದೆಗೆ ತಿವಿದದ್ದಕ್ಕೆ ಕೆವಿನ್ ನ್ಯಾಷ್ ಬೆನ್ನು ಕೆಳಗಾಗಿ ಮಲಗಿ ಪ್ರಶಸ್ತಿ ಬಿಟ್ಟುಕೊಟ್ಟ. ಅಟ್ಲಾಂಟದ ದೊಡ್ಡ ಕ್ರೀಡಾಂಗಣದಲ್ಲಿ ಹಣ ಕೊಟ್ಟು ಕೂತಿದ್ದವರಿಗೆ ಸಿಕ್ಕ ಪಂದ್ಯ ಅಷ್ಟೇ. ಎರಡೂ ಫಲಿತಾಂಶಗಳು ಮೊದಲೇ ನಿಗದಿಯಾದವೇ. ಒಂದು ಜನರ ನೆನಪಿನಲ್ಲಿ ಉಳಿಯಿತು, ಇನ್ನೊಂದನ್ನು ಇಂದಿಗೂ ಅಪಮಾನವೆಂದೇ ಅಭಿಮಾನಿಗಳು ಹೇಳುತ್ತಾರೆ. ಈ ವ್ಯತ್ಯಾಸ ಎಲ್ಲಿಂದ ಬಂತೆಂದು ಬಿಡಿಸಿ ಬರೆಯಲು ಸಾಧ್ಯವಾದರೆ ಅದು ವಿಮರ್ಶೆ.

ಇನ್ನು ಉಪನ್ಯಾಸಕರ ಮಾತು. ನೀವು ಕಳಿಸಿದ ಬರಹವನ್ನು ನಾನೂ ಓದಿದೆ. ಅವರು ಹೇಳಿದ್ದು ಸರಿಯಾಗಿದೆ. ಒಂದನೆಯ ಪಂದ್ಯ ಇಂಥವನು ಗೆದ್ದ, ಎರಡನೆಯದು ಇಂಥವನು ಗೆದ್ದ ಎಂದು ಬರೆದು, ಪ್ರತಿಯೊಂದರ ಕೊನೆಗೆ ‘ಅದ್ಭುತ’ ಎಂದು ಸೇರಿಸಿದ್ದೀರಿ. ಗೆದ್ದವನ ಮೇಲೆಯೇ ನಿಮ್ಮ ಕಣ್ಣಿದೆ. ನನ್ನ ಸಲಹೆ ಒಂದೇ: ಮುಂದಿನ ವಾರದಿಂದ ಸೋಲುವವನನ್ನು ನೋಡಿ.

ಈ ಕಲೆಯಲ್ಲಿ ಪೆಟ್ಟು ಕೊಡುವವನಿಗಿಂತ ಪೆಟ್ಟು ತಿನ್ನುವವನ ಕೆಲಸ ದೊಡ್ಡದು. ಹೊಡೆತ ಎಲ್ಲಿ ಬಿತ್ತು, ಎಷ್ಟು ನೋವಾಯಿತು, ಆ ನೋವು ಹತ್ತು ನಿಮಿಷದ ನಂತರವೂ ಉಳಿದಿದೆಯೇ ಎಂಬುದನ್ನೆಲ್ಲ ತನ್ನ ಮೈಯಿಂದ ತೋರಿಸಿಕೊಡಬೇಕಾದವನು ಅವನು. ಆ ಮಂದಿ ಇದನ್ನು ‘ಸೆಲ್ಲಿಂಗ್’ ಎನ್ನುತ್ತಾರೆ. ಮೊದಲು ಎಡ ಮೊಣಕಾಲಿಗೆ ಪೆಟ್ಟು ಬಿದ್ದವನು ಕೊನೆಯಲ್ಲಿ ಅದೇ ಕಾಲಿನ ಮೇಲೆ ಭಾರ ಹಾಕಿ ಓಡಿದರೆ, ಪಂದ್ಯದ ಕಥೆ ಅಲ್ಲಿಯೇ ಹರಿದುಹೋಯಿತೆಂದು ಬರೆಯಿರಿ. 1993ರ ಮೇ 17ರ ‘ರಾ’ದಲ್ಲಿ ರೇಜರ್ ರಾಮನ್ ಎಂಬ ಹೆಸರಾಂತ ಮಲ್ಲ, ಸೋಲುವುದಕ್ಕಾಗಿಯೇ ಕರೆತಂದವನಂತೆ ಕಾಣುತ್ತಿದ್ದ ಒಬ್ಬ ತೆಳ್ಳಗಿನ ಹುಡುಗನಿಗೆ ಸೋತ. ರಿಂಗ್ ಮೂಲೆಯ ಹಗ್ಗದ ಮೇಲಿಂದ ಹಿಂದಕ್ಕೆ ಪಲ್ಟಿ ಹೊಡೆದು ಮೈಮೇಲೆ ಬಿದ್ದ ಆ ಹುಡುಗನ ಕೆಳಗೆ, ತೀರ್ಪುಗಾರ ಮೂರು ಎಣಿಸುವವರೆಗೆ ರಾಮನ್ ಅಲುಗಲಿಲ್ಲ; ಬೆನ್ನು ನೆಲಕ್ಕಾಗಿ ಮೂರು ಎಣಿಸಿದರೆ ಅಲ್ಲಿ ಸೋಲು. ಆ ಮೂರು ಎಣಿಕೆಯೇ ಹುಡುಗನಿಗೆ ಹೆಸರಾಯಿತು: ‘ಒನ್ ಟೂ ಥ್ರೀ ಕಿಡ್’. ಹಾರಿದ್ದು ಆ ಹುಡುಗ. ಅವನನ್ನು ಬೆಳೆಸಿದ್ದು ರಾಮನ್‌ನ ಸೋಲು, ಅದಕ್ಕಿಂತ ಹೆಚ್ಚಾಗಿ ಸೋತ ಮೇಲೆ ಅವನ ಮುಖದಲ್ಲಿ ಮೂಡಿದ ದಿಗ್ಭ್ರಮೆ. ಬಯಲಾಟದಲ್ಲಿ ಕೀಚಕನ ಪಾರ್ಟನ್ನು ಮೇಳದ ನುರಿತ ಆಳಿಗೇ ಕೊಡುವುದು ಏಕೆಂದು ನಮ್ಮ ಹಿರಿಯರನ್ನು ಕೇಳಿದರೆ ಇದೇ ಉತ್ತರ ಸಿಗುತ್ತದೆ.

ಇನ್ನೊಂದು ಮಾತನ್ನೂ ನೆನಪಿಡಬೇಕು. ವಾರದ ಕಾರ್ಯಕ್ರಮ ಧಾರಾವಾಹಿಯ ಒಂದು ಕಂತು. ಅದನ್ನು ಅದೊಂದರಿಂದಲೇ ಅಳೆಯಬಾರದು. ಕಳೆದ ವಾರ ಎಲ್ಲಿ ನಿಂತಿತ್ತು, ಈ ವಾರ ಒಂದು ಹೆಜ್ಜೆಯಾದರೂ ಮುಂದೆ ಹೋಯಿತೇ, ಮುಂದಿನ ವಾರ ನಾನು ಮತ್ತೆ ನೋಡಲು ಕಾರಣವೇನು ಎಂದು ಕೇಳಿಕೊಳ್ಳಬೇಕು. ಮೂರನೆಯವನೊಬ್ಬ ನುಗ್ಗಿ ಪಂದ್ಯ ಕೆಡಿಸುವ ಮುಕ್ತಾಯ ಒಂದು ವಾರ ಬಂದರೆ ಹಗೆಗೆ ಬೆಂಕಿ ಹಚ್ಚುತ್ತದೆ. ನಾಲ್ಕು ವಾರ ಬಂದರೆ ನೋಡುವವರ ಸಮಯಕ್ಕೆ ಬೆಲೆಯಿಲ್ಲವೆಂದು ಹೇಳಿದಂತಾಗುತ್ತದೆ, ಅದನ್ನು ನೀವು ದಾಕ್ಷಿಣ್ಯವಿಲ್ಲದೆ ಬರೆಯಬೇಕು.

ಪ್ರಶ್ನೆ: ಪೂರ್ತಿ ಕಾರ್ಯಕ್ರಮ ನೋಡಲು ಪುರುಸೊತ್ತಿಲ್ಲ. ಯೂಟ್ಯೂಬ್‌ನ ತುಣುಕುಗಳನ್ನು ನೋಡಿ ವಿಮರ್ಶೆ ಬರೆಯಬಹುದೇ?
— ಓದುಗರು, ರಾಯಚೂರು

ಉತ್ತರ: ಬೇಡ. ತುಣುಕಿನಲ್ಲಿ ಬೆಟ್ಟದ ತುದಿ ಕಾಣುತ್ತದೆ, ಹತ್ತಿದ ದಾರಿ ಕಾಣುವುದಿಲ್ಲ. 1993ರ ಜನವರಿ 11ರಂದು ‘ರಾ’ ಆರಂಭವಾದಾಗ ಅದು ಒಂದು ಗಂಟೆಯದು. 1997ರಲ್ಲಿ ಎರಡು ಗಂಟೆಯಾಯಿತು, 2012ರ ಜುಲೈನಲ್ಲಿ ಮೂರು ಗಂಟೆಗೆ ಹಿಗ್ಗಿತು. ಆ ಹಿಗ್ಗುವಿಕೆಯಿಂದ ನಡುಭಾಗ ಸೊರಗಿತೆಂಬುದು ನನ್ನ ಅಭಿಪ್ರಾಯ, ಆದರೆ ಸೊರಗಿತೆಂದು ಹೇಳಲು ಕೂಡ ನಡುಭಾಗವನ್ನು ಕೂತು ನೋಡಿರಬೇಕು. ಅಮೆರಿಕದ ಸೋಮವಾರ ರಾತ್ರಿ ನಮಗೆ ಮಂಗಳವಾರ ಬೆಳಗು. 2025ರ ಏಪ್ರಿಲ್‌ನಿಂದ ಭಾರತದಲ್ಲಿ ಇದು ನೆಟ್‌ಫ್ಲಿಕ್ಸ್‌ನಲ್ಲಿ ಸಿಗುತ್ತಿರುವುದರಿಂದ, ಎರಡು ರಾತ್ರಿಗಳಿಗೆ ಹಂಚಿಕೊಂಡು ನೋಡಿದರೂ ತಪ್ಪೇನಿಲ್ಲ.

ಪ್ರಶ್ನೆ: ನಾನು ಪ್ರಾಯದ ದಿನಗಳನ್ನೆಲ್ಲ ಗರಡಿಯ ಕೆಮ್ಮಣ್ಣಿನಲ್ಲಿ ಕಳೆದವನು. ಜಂಗೀ ನಿಕಾಲಿ ಕುಸ್ತಿ ಆಡಿದ್ದೇನೆ, ಹುಡುಗರಿಗೆ ಪಟ್ಟು ಕಲಿಸಿದ್ದೇನೆ. ಟಿವಿಯಲ್ಲಿ ತೋರಿಸುವ ಈ ವೇಷದಾಟವನ್ನು ನಿಮ್ಮಂಥವರು ಕುಸ್ತಿ ಎಂದು ಕರೆದು ಪುಟ ತುಂಬಿಸುವುದು ಗರಡಿಗೆ ಮಾಡುವ ಅವಮಾನವಲ್ಲವೇ?
— ಹಿರಿಯ ಓದುಗರು, ಸಿರುಗುಪ್ಪ

ಉತ್ತರ: ಹಿರಿಯರೇ, ಹೆಸರಿನ ವಿಷಯದಲ್ಲಿ ತಮ್ಮ ಆಕ್ಷೇಪವನ್ನು ತಲೆಬಾಗಿ ಒಪ್ಪುತ್ತೇನೆ. ಒಬ್ಬನ ಬೆನ್ನು ನೆಲಕ್ಕೆ ತಾಗಿ ಚಿತ್ ಆಗುವವರೆಗೆ ಯಾರು ಗೆಲ್ಲುವರೆಂದು ಉಸ್ತಾದರಿಗೂ ತಿಳಿಯದ ಆಟಕ್ಕೂ, ಬರೆದುಕೊಂಡು ಆಡುವ ಆಟಕ್ಕೂ ಒಂದೇ ಪದ ಬಳಸುವುದು ಸರಿಯಲ್ಲ. ಈ ಅಂಕಣದಲ್ಲಿ ಇನ್ನು ಮುಂದೆ ಟಿವಿಯದನ್ನು ‘ರೆಸ್ಲಿಂಗ್ ಪ್ರದರ್ಶನ’ ಎಂದೇ ಬರೆಯುತ್ತೇನೆ.

ಆದರೆ ಎರಡರ ಬೇರು ಒಂದಕ್ಕೊಂದು ತಾಗಿದ್ದ ಕಾಲವೊಂದಿತ್ತು. 1910ರಲ್ಲಿ ಲಂಡನ್ನಿಗೆ ಹೋದ ನಮ್ಮ ಗಾಮಾ ಪೈಲ್ವಾನರು ಸ್ಟಾನಿಸ್ಲಾಸ್ ಜಿಬಿಸ್ಕೋ ಎಂಬ ವೃತ್ತಿಪರ ಮಲ್ಲನೊಡನೆ ಎರಡೂವರೆ ಗಂಟೆಗಳಷ್ಟು ಹೊತ್ತು ಸೆಣಸಿದರು. ಜಿಬಿಸ್ಕೋ ನೆಲಕ್ಕೆ ಅಂಟಿಕೊಂಡೇ ಇದ್ದುದರಿಂದ ಪಂದ್ಯ ಸಮವಾಯಿತು, ಮರುಪಂದ್ಯಕ್ಕೆ ಅವನು ಬರಲಿಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಒಂದು ನಿಮಿಷವೂ ತುಂಬುವ ಮೊದಲೇ ಗಾಮಾ ಅವನನ್ನು ಚಿತ್ ಮಾಡಿದರು. ಈ ನಡುವೆ, 1925ರಲ್ಲಿ, ಅಮೆರಿಕದ ಒಂದು ಪಂದ್ಯದಲ್ಲಿ ಸೋಲಲು ಒಪ್ಪಿಕೊಂಡು ರಿಂಗ್‌ಗೆ ಇಳಿದಿದ್ದ ಇದೇ ಜಿಬಿಸ್ಕೋ, ಕುಸ್ತಿ ಬಾರದ ಚಾಂಪಿಯನ್ ವೇಯ್ನ್ ಮನ್‌ನನ್ನು ಒಪ್ಪಂದ ಮುರಿದು ನಿಜವಾಗಿಯೇ ಮತ್ತೆ ಮತ್ತೆ ಚಿತ್ ಮಾಡಿ ಪ್ರಶಸ್ತಿ ಕಸಿದುಕೊಂಡ. ವೇಷದ ಒಳಗೆ ವಿದ್ಯೆ ಇದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1996ರ ಅಟ್ಲಾಂಟ ಒಲಿಂಪಿಕ್ಸ್‌ನಲ್ಲಿ ಕುಸ್ತಿಯ ಚಿನ್ನ ಗೆದ್ದ ಕರ್ಟ್ ಆ್ಯಂಗಲ್ ಮುಂದೆ ಇದೇ ಪ್ರದರ್ಶನಗಳಲ್ಲಿ ಹೆಸರು ಮಾಡಿದರು. ಅವರ ಕಾಲುಗಳು ನೆಲದ ಮೇಲೆ ಊರುವ ರೀತಿ, ಕೈ ಹೋಗಿ ಸೊಂಟ ಹಿಡಿಯುವ ರೀತಿ ತಮ್ಮ ಕಣ್ಣಿಗೆ ಬಿದ್ದರೆ, ಅವರು ಎಂಥ ಅಖಾಡದಿಂದ ಬಂದವರೆಂದು ತಾವು ಹೇಳದೆ ಇರಲಾರಿರಿ.

ಗಂಗಾವತಿಯ ವಿದ್ಯಾರ್ಥಿಯಂಥವರಿಗೆ ಕೊರತೆಯಿರುವುದು ಈ ಕಣ್ಣೇ. ತಮ್ಮ ಊರಿನ ಹುಡುಗರು ಯಾರಾದರೂ ಈ ಪ್ರದರ್ಶನ ನೋಡುತ್ತಿದ್ದರೆ, ಒಂದು ದಿನ ಅವರ ಪಕ್ಕದಲ್ಲಿ ಕೂತು, ಯಾವ ಹಿಡಿತ ನಿಜವಾಗಿ ಬಿಗಿಯುತ್ತದೆ, ಯಾವುದು ತೋರಿಕೆಯದು ಎಂದು ಬಿಡಿಸಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಹಾಗೆ ಕಲಿತವರಲ್ಲಿ ಒಬ್ಬನಾದರೂ ಗರಡಿಯ ಬಾಗಿಲಿಗೆ ಬಂದಾನು.

ಪ್ರಶ್ನೆ: ಒಂಬತ್ತು ವರ್ಷದ ಮಗ ಇದನ್ನು ನೋಡಿ ಮಂಚದ ಮೇಲಿಂದ ತಂಗಿಯ ಮೈಮೇಲೆ ಹಾರುತ್ತಾನೆ. ನೋಡುವುದನ್ನೇ ನಿಲ್ಲಿಸಬೇಕೇ?
— ಓದುಗರು, ಸಿಂಧನೂರು

ಉತ್ತರ: ಅಮ್ಮಾ, ಹಾರುವುದನ್ನು ಇಂದೇ ನಿಲ್ಲಿಸಿ. ಇದರಲ್ಲಿ ಎರಡು ಮಾತಿಲ್ಲ. ರಿಂಗ್‌ನ ನೆಲದಲ್ಲಿ ಹಲಗೆಯ ಮೇಲೆ ಮೆತ್ತನೆಯ ಹಾಸು ಇರುತ್ತದೆ, ಬಿದ್ದಾಗ ಸ್ವಲ್ಪ ಬಾಗುತ್ತದೆ. ಬೀಳುವವರು ಗದ್ದವನ್ನು ಎದೆಗೆ ಒತ್ತಿಕೊಂಡು ಬೆನ್ನನ್ನೆಲ್ಲ ಒಮ್ಮೆಗೇ ಊರಲು ತಿಂಗಳುಗಟ್ಟಲೆ ಕಲಿತಿರುತ್ತಾರೆ. ಅಷ್ಟೆಲ್ಲ ಇದ್ದೂ 1997ರ ಆಗಸ್ಟ್‌ನಲ್ಲಿ, ನುರಿತ ಮಲ್ಲ ಓವನ್ ಹಾರ್ಟ್ ತಲೆಕೆಳಗಾಗಿ ಹಿಡಿದು ಕೂತಾಗ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್‌ನ ಕುತ್ತಿಗೆಗೆ ಗಂಭೀರ ಪೆಟ್ಟಾಗಿ, ಕೆಲಹೊತ್ತು ಕೈಕಾಲು ಆಡದಂತಾಯಿತು. 1999ರ ಅಕ್ಟೋಬರ್‌ನಲ್ಲಿ ಅದೇ ಸಂಸ್ಥೆಯ ಇನ್ನೊಂದು ವಾರದ ಕಾರ್ಯಕ್ರಮವಾದ ‘ಸ್ಮ್ಯಾಕ್‌ಡೌನ್’ ಚಿತ್ರೀಕರಣದಲ್ಲಿ ಬಿದ್ದ ಡ್ರಾಜ್ ಎಂಬ ಆಟಗಾರ ಮತ್ತೆ ಎದ್ದು ನಡೆಯಲಿಲ್ಲ. ಮನೆಯಲ್ಲಿ ಇದನ್ನು ಮಾಡಬೇಡಿ ಎಂದು ಸಂಸ್ಥೆ ಕೊಡುವ ಎಚ್ಚರಿಕೆಯ ಹಿಂದೆ ಇಂಥ ಕುತ್ತಿಗೆಗಳಿವೆ.

ನೋಡುವುದನ್ನು ಪೂರ್ತಿ ನಿಲ್ಲಿಸಬೇಕೆಂದು ನಾನು ಹೇಳಲಾರೆ. ಬಾಗಿಲು ಹಾಕಿದರೆ ಅವನು ಗೆಳೆಯರ ಮೊಬೈಲ್‌ನಲ್ಲಿ ನೋಡುತ್ತಾನೆ, ಆಗ ಪಕ್ಕದಲ್ಲಿ ನೀವಿರುವುದಿಲ್ಲ. ಜೊತೆಗೆ ಕೂತು, ಅವರಿಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದಾರೆಂಬುದನ್ನು ತೋರಿಸಿ: ಎತ್ತಿದವನ ಕೈ ಬೀಳುವವನ ತಲೆಯ ಹಿಂದೆ ಹೇಗೆ ಆಸರೆಯಾಗುತ್ತದೆ, ಹಾರಿದವನು ತನ್ನ ಭಾರವನ್ನು ಹೇಗೆ ಕೈ ಮತ್ತು ಮೊಣಕಾಲಿಗೆ ಹಂಚುತ್ತಾನೆ. ಮೈಯಲ್ಲಿ ಹುರುಪು ತುಂಬಿದ ಹುಡುಗನಾದರೆ ಗರಡಿಗೋ ಕಬಡ್ಡಿಗೋ ಸೇರಿಸಿ. ಬೀಳುವುದನ್ನು ಕಲಿಸುವವರ ಕಣ್ಣೆದುರಲ್ಲಿ ಅವನು ಬೀಳಲಿ.

ಪ್ರಶ್ನೆ: ಪಂದ್ಯಗಳಿಗೆ ನಕ್ಷತ್ರ ಕೊಡುವುದು ಎಷ್ಟು ಸರಿ? ವಾರದ ಕಾರ್ಯಕ್ರಮಕ್ಕೂ ಕೊಡಬಹುದೇ?
— ಓದುಗರು, ಬಳ್ಳಾರಿ

ಉತ್ತರ: ಈ ರೂಢಿಯನ್ನು ಜಗತ್ತಿಗೆ ಹಬ್ಬಿಸಿದವರು ಅಮೆರಿಕದ ಪತ್ರಕರ್ತ ಡೇವ್ ಮೆಲ್ಟ್ಜರ್. ಐದು ನಕ್ಷತ್ರ ಅಪರೂಪದ ಗೌರವವಾಗಿತ್ತು. 2017ರ ಜನವರಿ 4ರಂದು ಟೋಕಿಯೋ ಡೋಮ್‌ನಲ್ಲಿ ಕಜುಚಿಕಾ ಒಕಾಡಾ ಮತ್ತು ಕೆನ್ನಿ ಒಮೆಗಾ ಆಡಿದ ಪಂದ್ಯಕ್ಕೆ ಅವರು ಆರು ಕೊಟ್ಟರು, ಮರುವರ್ಷ ಇದೇ ಜೋಡಿಯ ಇನ್ನೊಂದು ಪಂದ್ಯಕ್ಕೆ ಏಳು. ಮೊಳದ ಕೋಲೇ ಉದ್ದವಾದ ಮೇಲೆ ಬಟ್ಟೆಯ ಅಳತೆ ಹೇಳುವುದು ಕಷ್ಟ, ಆದರೂ ಆ ಎರಡು ಪಂದ್ಯಗಳ ಬಗ್ಗೆ ಅವರಿಗಿದ್ದ ಪ್ರೀತಿಯನ್ನು ನಾನು ಅಲ್ಲಗಳೆಯಲಾರೆ.

ವಾರದ ಕಾರ್ಯಕ್ರಮಕ್ಕೆ ಈ ಅಳತೆ ಹೊಂದುವುದಿಲ್ಲವೆಂಬುದು ನನ್ನ ಖಚಿತ ನಿಲುವು. ಅಲ್ಲಿನ ಎಷ್ಟೋ ಪಂದ್ಯಗಳು ಶ್ರೇಷ್ಠವಾಗಲೆಂದು ಹೂಡಿದವಲ್ಲ. ಒಬ್ಬನನ್ನು ಪರಿಚಯಿಸಲು, ಒಂದು ಹಗೆಯನ್ನು ಬಿತ್ತಲು, ದೊಡ್ಡ ಪಂದ್ಯಕ್ಕೆ ಹಸಿವು ಹುಟ್ಟಿಸಲು ಹೂಡಿದವು. ಮೇಲೆ ಹೇಳಿದ ರೇಜರ್ ರಾಮನ್ ಸೋತ ಪಂದ್ಯ ಕೆಲವೇ ನಿಮಿಷಗಳದು. ಕಸರತ್ತಿನ ಲೆಕ್ಕ ಹಿಡಿದರೆ ಅದಕ್ಕೆ ಎರಡು ನಕ್ಷತ್ರ ದಕ್ಕುವುದೂ ಕಷ್ಟ, ಆದರೆ ಮೂರು ದಶಕ ದಾಟಿದರೂ ನಾವು ಅದರ ಮಾತನ್ನೇ ಆಡುತ್ತಿದ್ದೇವೆ. ನಕ್ಷತ್ರ ಕೊಡಲೇಬೇಕೆನಿಸಿದರೆ, ಪಂದ್ಯ ಏನು ಮಾಡಲು ಹೊರಟಿತ್ತು, ಎಷ್ಟನ್ನು ಮಾಡಿತು ಎಂಬುದನ್ನು ಮೊದಲು ಪೂರ್ತಿ ಬರೆದು ಮುಗಿಸಿ, ಕೊನೆಯಲ್ಲಿ ಕೊಡಿ. ಹಾಗೆ ಬರೆದಾದ ಮೇಲೆ ಅದು ಬೇಡವೆನಿಸಿದರೆ ಬಿಟ್ಟುಬಿಡಿ.