ಬೇಸ್‌ಬಾಲ್‌ನಲ್ಲಿ ‘ಬಾಕ್’ ಅಂದರೆ ಏನು? ಪಿಚರ್ (ಚೆಂಡು ಎಸೆಯುವವ) ಎಸೆತ ನಿಲ್ಲಿಸಿದರೆ ತಪ್ಪೇನು?

ಬೇಸ್ (ಓಡಿ ಮುಟ್ಟಬೇಕಾದ ತಾಣ) ಮೇಲೆ ರನ್ನರ್ (ಓಡುವ ಆಟಗಾರ) ಇರುವಾಗ ಪಿಚರ್ ಎಸೆತ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರೆ ಅದು ರನ್ನರ್‌ನನ್ನು ಏಮಾರಿಸಿದಂತೆ. ಅದೇ ಬಾಕ್. ಆಗ ಎಲ್ಲ ರನ್ನರ್‌ಗಳಿಗೂ ಒಂದೊಂದು ಬೇಸ್ ಪುಕ್ಕಟೆ.

ರನ್ನರ್ ಮುಂದಿನ ಬೇಸ್ ‘ಕದಿಯಲು’, ಅಂದರೆ ಪಿಚರ್ ಎಸೆಯುವಷ್ಟರಲ್ಲಿ ಅಲ್ಲಿಗೆ ಓಡಿಬಿಡಲು, ನಾಲ್ಕು ಹೆಜ್ಜೆ ಆಚೆ ಬಂದು ನಿಂತಿರುತ್ತಾನೆ. ಕಣ್ಣೆಲ್ಲ ಪಿಚರ್ ಕಾಲಿನ ಮೇಲೆ. ಆ ಕಾಲೇ ಸುಳ್ಳು ಹೇಳಿದರೆ ಕದಿಯುವ ಮಜಾ ಎಲ್ಲಿ ಉಳಿಯುತ್ತೆ, ಅಲ್ವಾ?

ಲೆಕ್ಕವೆಲ್ಲ ಪಿಚರ್ ನಿಲ್ಲುವ ದಿಬ್ಬದ ಮೇಲಿನ 24 ಇಂಚಿನ ರಬ್ಬರ್ ಪಟ್ಟಿಯದು. ಕಾಲು ಅದಕ್ಕೆ ತಾಗಿರುವಾಗ, ರನ್ನರ್‌ನನ್ನು ಔಟ್ ಮಾಡಲು ಮೊದಲ ಬೇಸ್‌ಗೆ ಎಸೆಯುವಂತೆ ಸುಮ್ನೆ ನಟಿಸುವಂತಿಲ್ಲ. ಅಮೆರಿಕದ ಮೇಜರ್ ಲೀಗ್‌ನಲ್ಲಿ 2013ರಿಂದ ಮೂರನೆಯದಕ್ಕೂ ಇಲ್ಲ. ಎರಡನೆಯದಕ್ಕೆ ಮಾತ್ರ ಬಿಟ್ಟಿದ್ದಾರೆ. ಚೆಂಡು ಕೈಜಾರಿ ಬಿದ್ದರೂ ಬಾಕ್ ಆಗಬಹುದು, ಪಾಪ! ಕಾಲನ್ನು ಮೊದಲು ಪಟ್ಟಿಯಿಂದ ಹಿಂದಕ್ಕೆ ತೆಗೆದರೆ ಯಾವ ಬೇಸ್‌ಗಾದರೂ ಎಸೆಯುವಂತೆ ನಟಿಸಬಹುದು.